‘ಸಿಂಕ್ರೊನೈಸ್’ ಅಂದರೆ ಒಟ್ಟಿಗೇ ಹಸಿರಾಗುವುದಲ್ಲ: ಸಿಗ್ನಲ್ ದೀಪಗಳಿಗೆ ಒಂದು ಪದ ಬೇಕು

ಗೆಳೆಯರೇ,

ಒಂದು ಪದಕ್ಕಾಗಿ ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ. ಇಲ್ಲಿ ಶಿವಮೊಗ್ಗದ ಚಿಕ್ಕ ಪತ್ರಿಕೆಯೊಂದಕ್ಕೆ ಆಗಾಗ ಅನುವಾದ ಮಾಡಿಕೊಡುತ್ತೇನೆ. ಈ ಸಲ ಬಂದದ್ದು ಹೊರದೇಶದ ಒಂದು ನಗರಸಭೆಯ ನಿರ್ಣಯ. ಉದ್ದನೆಯ ಒಂದು ರಸ್ತೆಯ ಸಿಗ್ನಲ್‌ಗಳನ್ನೆಲ್ಲ ‘ಸಿಂಕ್ರೊನೈಸ್’ ಮಾಡಲು ಸಲಕರಣೆ ಕೊಳ್ಳುತ್ತಾರಂತೆ. ಎರಡೇ ಪುಟ. ಅರ್ಧ ಗಂಟೆಯ ಕೆಲಸ ಅಂದುಕೊಂಡು ಕೂತೆ.

ಮೊದಲ ಸಾಲಲ್ಲೇ ಸಿಕ್ಕಿಬಿದ್ದೆ. ‘ಸಿಗ್ನಲ್‌ಗಳನ್ನು ಏಕಕಾಲಿಕಗೊಳಿಸಲಾಗುವುದು’ ಎಂದು ಬರೆದು ಮಗಳಿಗೆ ಓದಿ ಹೇಳಿದೆ. ‘ಅಂದ್ರೆ ಎಲ್ಲಾ ಸಿಗ್ನಲ್ಲೂ ಒಟ್ಟಿಗೇ ಗ್ರೀನ್ ಆಗುತ್ತಾ?’ ಅಂದಳು. ಅವಳು ಕೇಳಿದ್ದು ಸರಿ. ನಾನು ಬರೆದದ್ದು ತಪ್ಪು.

ಎಲ್ಲ ಒಟ್ಟಿಗೆ ಹಸಿರಾದರೆ ಏನಾಗುತ್ತದೆ ನೋಡಿ. ಮೊದಲ ಸಿಗ್ನಲ್ ದಾಟಿದವನು ಮುಂದಿನದು ಕೆಂಪಾಗುವ ಮುಂಚೆ ಅದನ್ನೂ ದಾಟಿಬಿಡೋಣ ಅಂತ ಗಾಡಿ ಓಡಿಸುತ್ತಾನೆ. ಇಂಜಿನಿಯರುಗಳು ಮಾಡಲು ಹೊರಟಿರುವುದು ಇದಕ್ಕೆ ತೀರಾ ಬೇರೆ. ಹಸಿರು ಒಂದರ ಹಿಂದೆ ಒಂದು ಬರಬೇಕು, ಗಾಡಿ ಬಂದು ಮುಟ್ಟುವ ಹೊತ್ತಿಗೆ.

ಲೆಕ್ಕ ಸುಲಭ ಇದೆ. ನಮ್ಮ ಬಿ.ಎಚ್. ರಸ್ತೆಯಂಥ ಒಂದು ರಸ್ತೆ ಅಂದುಕೊಳ್ಳಿ. (ಬೆಂಗಳೂರು–ಹೊನ್ನಾವರ ರಸ್ತೆ. ಈಗಿನ ಹುಡುಗರಿಗೆ ಬಿ.ಎಚ್. ಅಂದರೆ ಏನು ಅಂತಲೇ ಗೊತ್ತಿರುವುದಿಲ್ಲ.) ಅದರಲ್ಲಿ ಮೂರು ಸಿಗ್ನಲ್. ಮೊದಲನೆಯದರಿಂದ ಎರಡನೆಯದಕ್ಕೆ 400 ಮೀಟರ್, ಅಲ್ಲಿಂದ ಮೂರನೆಯದಕ್ಕೆ 300. ಗಂಟೆಗೆ 36 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 10 ಮೀಟರ್. ಹಾಗಾಗಿ ಮೊದಲನೆಯದು ಹಸಿರಾದ 40 ಸೆಕೆಂಡಿಗೆ ಎರಡನೆಯದು, 70 ಸೆಕೆಂಡಿಗೆ ಮೂರನೆಯದು ಹಸಿರಾದರೆ ಎಲ್ಲೂ ನಿಲ್ಲದೆ ಹೋಗಬಹುದು. ಆದರೆ ಮೂರಕ್ಕೂ ಒಂದು ಸುತ್ತಿನ ಅವಧಿ, ಅಂದರೆ ಒಂದು ಹಸಿರಿನಿಂದ ಮುಂದಿನ ಹಸಿರಿನವರೆಗಿನ ಹೊತ್ತು, ಒಂದೇ ಇರಬೇಕು. 90 ಸೆಕೆಂಡ್ ಅಂದರೆ ಮೂರಕ್ಕೂ 90. ಒಂದಕ್ಕೆ 90, ಇನ್ನೊಂದಕ್ಕೆ 100 ಆದರೆ ಎರಡೇ ಸುತ್ತಿನಲ್ಲಿ ಎಲ್ಲಾ ಎಡವಟ್ಟು.

ವಾಪಸ್ ಬರುವವನ ಪಾಡು ಬೇರೆ. ಮೂರನೆಯದನ್ನು 70ನೇ ಸೆಕೆಂಡಿಗೆ ಬಿಟ್ಟವನು 100ಕ್ಕೆ ಎರಡನೆಯದನ್ನು ಮುಟ್ಟುತ್ತಾನೆ. ಅಂದರೆ ಮುಂದಿನ ಸುತ್ತಿನ 10ನೇ ಸೆಕೆಂಡು. ಅಲ್ಲಿ ಹಸಿರು ಬರುವುದು 40ಕ್ಕೆ. ಅರ್ಧ ನಿಮಿಷ ಸುಮ್ನೆ ಕಾಯಬೇಕು. ಅದಕ್ಕೇ ಬೆಳಿಗ್ಗೆ ಊರೊಳಗೆ ಬರುವವರಿಗೆ, ಸಂಜೆ ಹೊರಗೆ ಹೋಗುವವರಿಗೆ ಅನುಕೂಲ ಆಗುವಂತೆ ಲೆಕ್ಕ ಬದಲಾಯಿಸುತ್ತಾರೆ.

ಹಾಗಾದರೆ ನಗರಸಭೆ ಕೊಳ್ಳುವುದು ಏನನ್ನು? ದೀಪ, ಕಂಬ ಎಲ್ಲ ಮೊದಲೇ ಇವೆ. ಮುಖ್ಯವಾಗಿ ಕೊಳ್ಳುವುದು ಗಡಿಯಾರ ಮತ್ತು ಅದನ್ನು ನಂಬಿ ದೀಪ ಬದಲಾಯಿಸುವ ಪೆಟ್ಟಿಗೆ. ಪ್ರತಿ ಸಿಗ್ನಲ್ಲಿನ ಪೆಟ್ಟಿಗೆಯಲ್ಲೂ ಒಂದು ಗಡಿಯಾರ ಇರುತ್ತದೆ. ಅದು ದಿನಕ್ಕೆ ಒಂದು ಸೆಕೆಂಡ್ ಹಿಂದೆ ಬಿದ್ದರೂ ತಿಂಗಳಿಗೆ 30 ಸೆಕೆಂಡ್ ಆಯಿತು. ಅಷ್ಟಕ್ಕೆ ಮೇಲಿನ ಲೆಕ್ಕವೆಲ್ಲ ಮಣ್ಣುಪಾಲು. ಆದ್ದರಿಂದ ಜಿಪಿಎಸ್‌ನಿಂದ ಸಮಯ ತೆಗೆದುಕೊಳ್ಳುವ ಗಡಿಯಾರ ಹಾಕುತ್ತಾರೆ, ಇಲ್ಲವೇ ಕೇಬಲ್ಲೋ ರೇಡಿಯೋನೋ ಹಾಕಿ ಎಲ್ಲವನ್ನೂ ಒಂದಕ್ಕೊಂದು ಜೋಡಿಸುತ್ತಾರೆ.

ಈಗ ಪದಕ್ಕೆ ಬರೋಣ. ‘ಏಕಕಾಲಿಕ’ ಬಿಟ್ಟೆ. ‘ಸಮನ್ವಯ’ ತಪ್ಪಲ್ಲ, ಆದರೆ ಆ ಪದವನ್ನು ಇಲಾಖೆಗಳು ಸವೆಸಿಬಿಟ್ಟಿವೆ. ‘ಸಮನ್ವಯ ಸಮಿತಿ’ ಅಂದ ಕೂಡಲೇ ಟೀ, ಬಿಸ್ಕತ್ತು ನೆನಪಾಗುತ್ತದೆ. ‘ಹೊಂದಾಣಿಕೆ’ ಮದುವೆ ಮಾತುಕತೆಗೂ ರಾಜಕೀಯಕ್ಕೂ ಹೋಗಿಯಾಗಿದೆ. ಗೆಳೆಯನೊಬ್ಬ ‘ಸಿಗ್ನಲ್ ಶಿಸ್ತು’ ಅಂದ. ನನಗೆ ನಗು ಬಂತು. ಶಿವಪ್ಪ ನಾಯಕನ ಶಿಸ್ತು ಅಂದರೆ ಜಮೀನಿನ ಕಂದಾಯದ ಲೆಕ್ಕ ಅಂತ ಓದಿಕೊಂಡು ಬೆಳೆದ ಊರು ಇದು. ಸಿಗ್ನಲ್ಲಿಗೂ ಕಂದಾಯ ಹಾಕುತ್ತಾರೆ ಅಂದುಕೊಂಡಾರು.

‘ಹಸಿರು ಅಲೆ’ ಅಂತಲೂ ಬರೆದು ನೋಡಿದೆ. ಜರ್ಮನ್ನರೂ ಹೀಗೇ ಹೇಳುತ್ತಾರೆ, ‘ಗ್ರ್ಯೂನೆ ವೆಲ್ಲೆ’ ಅಂತ. ಆದರೆ ಕನ್ನಡದಲ್ಲಿ ಯಾಕೋ ಹಸಿರು ಶಾಲಿನ ರೈತರ ಮೆರವಣಿಗೆಯೋ ಗಿಡ ನೆಡುವ ಕಾರ್ಯಕ್ರಮವೋ ಕಣ್ಣಿಗೆ ಬರುತ್ತದೆ. ಮೇಲಾಗಿ ಪತ್ರಿಕೆಗಳ ‘ಗ್ರೀನ್ ಕಾರಿಡಾರ್’ ಬೇರೆ ಇದೆ. ಆಂಬುಲೆನ್ಸಿಗೆ ದಾರಿ ಬಿಡಿಸುವ ‘ಜೀರೊ ಟ್ರಾಫಿಕ್’ ಅದು. ಒಂದು ಗಾಡಿಗೋಸ್ಕರ ಊರನ್ನೇ ನಿಲ್ಲಿಸುವುದು. ನಮ್ಮದು ಎಲ್ಲರಿಗೂ ಸಂಬಂಧಪಟ್ಟದ್ದು. ಎರಡೂ ಹಸಿರೇ ಆದರೆ ಗೊಂದಲ ಜಾಸ್ತಿ.

ಶನಿವಾರ ಸಂಜೆ ಇದನ್ನೇ ಯೋಚಿಸುತ್ತಾ ಜಗಲಿಯಲ್ಲಿ ಕೂತಿದ್ದೆ. ಪಕ್ಕದ ಮನೆಯಲ್ಲಿ ಮಕ್ಕಳಿಗೆ ಸಂಗೀತ ಪಾಠ. ಒಬ್ಬ ಹುಡುಗ ಕೈ ತಟ್ಟಿದ ಕೂಡಲೇ ಹಾಡು ಶುರುಮಾಡಿಬಿಡುತ್ತಿದ್ದ. ಮೇಷ್ಟ್ರು ಮತ್ತೆ ಮತ್ತೆ ನಿಲ್ಲಿಸಿ, ‘ತಾಳ ಮೊದಲು ಬೀಳಲಿ, ಅರ್ಧ ಬಿಟ್ಟು ತಗೋ. ಎಡುಪು ಎಲ್ಲಿದೆ ನೋಡು’ ಅನ್ನುತ್ತಿದ್ದರು. ತೊಡೆಯ ಮೇಲೆ ತಟ್ಟು ಬೀಳುತ್ತದೆ, ಒಂದು ಕೂದಲೆಳೆ ಬಿಡುವು, ಆಮೇಲೆ ಹುಡುಗನ ದನಿ. ನಾಲ್ಕನೇ ಸಲಕ್ಕೆ ಸರಿಯಾಗಿ ಬಂತು.

ನನಗೆ ಬೇಕಾದದ್ದೂ ಅಲ್ಲೇ ಇತ್ತು! ಸಿಗ್ನಲ್ಲಿನವರು ‘ಸೈಕಲ್’ ಅನ್ನುವುದು ತಾಳದ ಆವರ್ತ, ಅಂದರೆ ಒಂದು ಪೂರ್ತಿ ಸುತ್ತು. ಎಲ್ಲ ಸಿಗ್ನಲ್ಲಿಗೂ ಒಂದೇ ಆವರ್ತ ಇರಬೇಕು. ಅವರು ‘ಆಫ್‌ಸೆಟ್’ ಅನ್ನುವುದು ಎಡುಪು. ಆವರ್ತ ಶುರುವಾದ ಎಷ್ಟು ಹೊತ್ತಿಗೆ ಹಾಡು ಎತ್ತಬೇಕು ಅನ್ನುವ ಲೆಕ್ಕ. ತಾಳ ಒಂದೇ, ಒಂದೊಂದು ಸಿಗ್ನಲ್ಲಿನ ಎಡುಪು ಬೇರೆ. ಜಿಪಿಎಸ್ ಗಡಿಯಾರ ತಾಳ ಹಾಕುವ ಕೈ. ಹಾಗಾಗಿ ‘ಸಿಗ್ನಲ್‌ಗಳನ್ನು ಒಂದೇ ತಾಳಕ್ಕೆ ಕೂಡಿಸುವುದು’ ಎಂದು ಬರೆದೆ. ಮಗಳು ಈ ಸಲ ಪ್ರಶ್ನೆ ಕೇಳಲಿಲ್ಲ. ‘ತಾಳಮೇಳ’ ಅಂತ ಬರೆಯಬಹುದಿತ್ತು. ಆದರೆ ಅದನ್ನು ನಾವು ‘ತಾಳಮೇಳ ಇಲ್ಲ’ ಅನ್ನುವುದಕ್ಕೇ ಹೆಚ್ಚು ಬಳಸುತ್ತೇವೆ, ಇದೆ ಅನ್ನುವುದಕ್ಕೆ ಕಡಿಮೆ.

ನನ್ನ ಮೊದಲ ಸಂಶಯ ಇಲ್ಲಿದೆ. ‘ಎಡುಪು’ ಸಂಗೀತ ಕಲಿತವರ ಮಾತು. ಕಲಿಯದವರಿಗೆ ತಮಿಳು ಅನ್ನಿಸಬಹುದು. ‘ಎತ್ತುಗಡೆ’ ಎಂಬ ಪದವೂ ಇದೆ. ಮಲೆನಾಡಿನಲ್ಲಿ ಯಕ್ಷಗಾನ ನೋಡಿದವರಿಗೆ ಭಾಗವತರ ಎತ್ತುಗಡೆ ಗೊತ್ತು. ಆದರೆ ನನ್ನ ಕಿವಿಗೆ ಎತ್ತುಗಡೆ ಅಂದರೆ ಹಾಡು ಎತ್ತಿಕೊಳ್ಳುವ ಕೆಲಸ. ಎಡುಪು ಅಂದರೆ ಅದು ಬೀಳುವ ಜಾಗ. ಈ ವ್ಯತ್ಯಾಸ ನಿಜವಾಗಿ ಇದೆಯೋ, ನಾನೇ ಕಟ್ಟಿಕೊಂಡದ್ದೋ? ಸಂಗೀತ ಬಲ್ಲವರು ಹೇಳಬೇಕು.

ಇನ್ನು ‘ಹಸಿರು ಅಲೆ’ಗೆ ಬದಲು ಏನು? ಇದನ್ನು ಕೊಟ್ಟವರು ಆಟೋದವರು. ಬಸ್ ಸ್ಟ್ಯಾಂಡಿನಿಂದ ಮನೆಗೆ ಬರುವಾಗ ಸುಮ್ನೆ ಕೇಳಿದೆ, ಒಂದು ಸಿಗ್ನಲ್ ದಾಟಿದ ಮೇಲೆ ಮುಂದಿನವೂ ಹಸಿರೇ ಸಿಕ್ಕರೆ ಏನಂತೀರಿ ಅಂತ. ‘ಹಂಗೆಲ್ಲಿ ಸಿಗುತ್ತೆ ಸಾರ್’ ಅಂದರು ಮೊದಲು. ಆಮೇಲೆ, ‘ಬೆಳಗಿನ ಜಾವ ಒಂದೊಂದ್ಸಲ ಸಾಲಾಗಿ ಬಿಡ್ತವೆ’ ಅಂದರು. ಸಾಲಾಗಿ! ಸಾಲುಮರ, ಸಾಲುದೀಪ ಇದ್ದ ಹಾಗೆ ‘ಸಾಲುಹಸಿರು’ ಯಾಕಾಗಬಾರದು? ನನಗಂತೂ ತುಂಬಾ ಹಿಡಿಸಿದೆ. ಲೇಖನದ ತಲೆಬರಹಕ್ಕೆ ಹಾಕಿಬಿಟ್ಟಿದ್ದೇನೆ.

ಅವರ ಮಾತಿನ ಇನ್ನೊಂದು ಕ್ರಿಯಾಪದವನ್ನೂ ಗಮನಿಸಿ. ಸಿಗ್ನಲ್ ‘ಬಿಡುತ್ತದೆ’. ನೀರು ಬಿಟ್ಟ ಹಾಗೆ, ಶಾಲೆ ಬಿಟ್ಟ ಹಾಗೆ. ಹಸಿರಿಗೆ ಇದು ನಿಶ್ಚಿತ. ಆದರೆ ‘ಸಿಗ್ನಲ್ ಬಿತ್ತು’ ಅಂದರೆ? ನಮ್ಮ ಮನೆಯಲ್ಲಿ ಬಿತ್ತು ಅಂದರೆ ಕೆಂಪು, ನಿಲ್ಲಿಸು. ನನ್ನ ಅಣ್ಣ ಹಸಿರಿಗೂ ಬಿತ್ತು ಅನ್ನುತ್ತಾನೆ. ‘ಬಿತ್ತು, ಹೊರಡು’ ಅಂತ. ಅವನದು ರೈಲಿನ ಬಳಕೆ ಇರಬೇಕು ಅಂತ ನನ್ನ ಊಹೆ. ತಾಳಗುಪ್ಪದ ಹಳೆಯ ಮೀಟರ್ ಗೇಜಿನ ಲೈನಿನ ಪಕ್ಕದಲ್ಲಿ ಬೆಳೆದವನು. ಹಳೆಯ ಕೈಮರದ ಸಿಗ್ನಲ್ಲಿನಲ್ಲಿ ಕೈ ಕೆಳಗೆ ಬಿದ್ದರೆ ರೈಲಿಗೆ ದಾರಿ ಬಿಟ್ಟ ಹಾಗೆ, ಅಡ್ಡ ನಿಂತಿದ್ದರೆ ತಡೆದ ಹಾಗೆ. ಆ ‘ಬಿತ್ತು’ ಹಸಿರಿಗೆ ಹೋಗಿದೆ. ನಮ್ಮ ‘ಬಿತ್ತು’ ಎಲ್ಲಿಂದ ಬಂತು? ಬರೆ ಬಿದ್ದ ಹಾಗೆ, ಬೀಗ ಬಿದ್ದ ಹಾಗೆ, ಕೆಂಪೂ ಬಿತ್ತೇ? ನಿಮ್ಮ ಊರುಗಳಲ್ಲಿ ಯಾವುದಕ್ಕೆ ‘ಬಿತ್ತು’ ಅನ್ನುತ್ತೀರಿ ಅಂತ ತಿಳಿಸಿ. ಹುಬ್ಬಳ್ಳಿ, ಕಲಬುರಗಿ ಕಡೆಯವರು ಖಂಡಿತ ಬರೆಯಿರಿ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ‘ಫೇಸ್’ಗೆ (phase) ‘ಹಂತ’ ಎಂದು ಹಾಕುವುದು ರೂಢಿ. ಇಲ್ಲಿ ಅದು ಹೊಂದುವುದಿಲ್ಲ. ಯಾವ ರಸ್ತೆಯವರ ಸರದಿ ಅನ್ನುವುದಷ್ಟೇ ಅರ್ಥ, ಆದ್ದರಿಂದ ‘ಸರದಿ’ ಸಾಕು. ‘ಕಾರಿಡಾರ್’ ಹಾಗೇ ಬಿಟ್ಟಿದ್ದೆ, ಆಮೇಲೆ ಹೊಡೆದುಹಾಕಿದೆ. ಮಲೆನಾಡಿನ ಓದುಗರಿಗೆ ಕಾರಿಡಾರ್ ಅಂದರೆ ಆನೆಯದ್ದು. ‘ರಸ್ತೆಯುದ್ದಕ್ಕೂ’ ಅಂದರೆ ಮುಗಿಯಿತು.

ಕೊನೆಯದು ‘ಪ್ರೊಕ್ಯೂರ್‌ಮೆಂಟ್’. ಸರ್ಕಾರಿ ಖರೀದಿ ಪಾರದರ್ಶಕವಾಗಿರಬೇಕು ಅನ್ನುವ ನಮ್ಮ ರಾಜ್ಯದ 1999ರ ಕೆಟಿಪಿಪಿ ಕಾಯ್ದೆಯ ಕನ್ನಡದ ಹೆಸರಿನಲ್ಲಿ ಇದು ‘ಸಂಗ್ರಹಣೆ’. ಸರ್ಕಾರಿ ಕಾಗದಗಳೆಲ್ಲ ಅದನ್ನೇ ಹಿಡಿದಿವೆ. ‘ಸಲಕರಣೆಗಳ ಸಂಗ್ರಹಣೆ’ ಅಂತ ಬರೆದರೆ ನಗರಸಭೆಯವರು ಗಡಿಯಾರ ಕೂಡಿಹಾಕುತ್ತಿದ್ದಾರೆ ಅನ್ನಿಸುತ್ತದೆ, ಅಲ್ವಾ? ನಾನು ‘ಖರೀದಿ’ ಎಂದು ಬರೆದಿದ್ದೇನೆ. ಸಂಪಾದಕರು ‘ಕಾನೂನಿನ ಪದ ಇದೆಯಲ್ಲ’ ಅಂತ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆದಿದ್ದಾರೆ.

ಲೇಖನ ಸೋಮವಾರ ಕೊಡಬೇಕು. ಎಡುಪೋ ಎತ್ತುಗಡೆಯೋ ಅನ್ನುವುದಕ್ಕೆ ಅದರೊಳಗೆ ಉತ್ತರ ಸಿಕ್ಕರೆ ಉಪಕಾರ. ‘ಬಿತ್ತು’ ಬಗ್ಗೆ ನಿಧಾನವಾಗಿ ಬರೆದರೂ ಆಗುತ್ತದೆ.