ಪುಟ 47ರಲ್ಲಿ ಯಾರದೋ ಹೆಬ್ಬೆರಳು

ಶಾಯಿಬಾಟಲಿ:
ನಾನು ಬೇರೆ ಹೆಸರಲ್ಲಿ ಬರೆಯುತ್ತೇನೆ. ಹತ್ತಿರದವರಿಗೂ ಗೊತ್ತಿಲ್ಲ. ನಿನ್ನೆ ಗೆಳತಿಯೊಬ್ಬಳು ‘ಇದನ್ನು ಓದು, ಚೆನ್ನಾಗಿದೆ’ ಅಂತ ಒಂದು ಪಿಡಿಎಫ್ ಕಳಿಸಿದಳು. ತೆರೆದರೆ ನನ್ನದೇ ಪುಸ್ತಕ!

ಯಾರೋ ಒಂದೊಂದೇ ಪುಟವನ್ನು ಫೋನಿನಲ್ಲಿ ಫೋಟೋ ತೆಗೆದು ಜೋಡಿಸಿದ್ದಾರೆ. ಅರ್ಧ ಪುಟಗಳು ವಾಲಿವೆ. 47ನೇ ಪುಟದ ಕೆಳಮೂಲೆಯಲ್ಲಿ ಒಂದು ಹೆಬ್ಬೆರಳು ಬಂದಿದೆ. ಉಗುರಿನ ಸುತ್ತ ನೀಲಿ ಶಾಯಿ. ಎರಡು ಸಾಲಿನ ಕೊನೆಯ ಪದಗಳು ಅದರಡಿ ಸೇರಿಕೊಂಡಿವೆ. ಮೊದಲು ಮೈಯೆಲ್ಲಾ ಉರಿಯಿತು. ಆಮೇಲೆ 212 ಪುಟವನ್ನು ಹೀಗೆ ಒಂದು ಕೈಯಲ್ಲಿ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಫೋಟೋ ತೆಗೆಯೋಕೆ ಎಷ್ಟು ಹೊತ್ತು ಬೇಕಾಗಿರಬಹುದು ಅಂತ ಯೋಚಿಸಿದೆ. ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಹಾಗೇ ಇದೆ. ನೀವೇನಂತೀರಿ?

ತಕ್ಕಡಿ:
ಅನ್ನೋದೇನು, ತಪ್ಪು ತಪ್ಪೇ. ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ಎಲ್ಲೂ ನೋಂದಾಯಿಸಬೇಕಾಗಿಲ್ಲ. ಬರೆದವರ ಹಕ್ಕು ಕಾಪಾಡೋಕೆ ದೇಶಗಳು 1886ರಲ್ಲಿ ಶುರು ಮಾಡಿದ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲೆಲ್ಲ ಈಗ ಇದೇ ನಿಯಮ. ಫೈಲ್ ಯಾವ ತಾಣದಲ್ಲಿದೆಯೋ ಅವರಿಗೆ ನೋಟಿಸ್ ಕಳಿಸಿ, ತೆಗೆಸಿ. ಮತ್ತೆ, ಈಗ ಯಾರಾದರೂ ಬಂದು ‘ಸೈಕಲ್ ಕದ್ದರೆ ಸೈಕಲ್ ಹೋಗುತ್ತೆ, ಫೈಲ್ ನಕಲು ಮಾಡಿದರೆ ಏನೂ ಹೋಗಲ್ಲ’ ಅಂತ ಶುರು ಮಾಡ್ತಾರೆ. ದಯವಿಟ್ಟು ಬೇಡ. ಕೇಳಿ ಕೇಳಿ ಕಿವಿ ತೂತಾಗಿದೆ.

ಕೀಲಿಮಣೆ:
ಸೈಕಲ್ ತರಲ್ಲ ಸರ್. ಆದರೆ ಕದಿಯೋದು ಬೇರೆ, ಕಾಪಿರೈಟ್ ಮೀರೋದು ಬೇರೆ. ಕಾನೂನಿನಲ್ಲೂ ಎರಡಕ್ಕೂ ಬೇರೆ ಹೆಸರೇ ಇದೆ. ನಾನು ಸಾಫ್ಟ್‌ವೇರ್ ಬರೆಯುವವನು. ನಾನು ಬರೆದಿದ್ದನ್ನು ಯಾರ್ಯಾರೋ ಬಳಸ್ತಾರೆ, ತಿದ್ದುತ್ತಾರೆ, ಹಂಚುತ್ತಾರೆ. ಅದು ಉಳಿಯೋದೇ ಹಾಗೆ. ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಬೆಳೆದಿದ್ದೂ ಹೀಗೇ. ನಕಲು ಮಾಡೋಕೆ ಖರ್ಚೇ ಇಲ್ಲದ ಕಾಲದಲ್ಲಿ ನಕಲಿಗೆ ಬೀಗ ಹಾಕೋದು ಹೊಳೆಗೆ ಬಾಗಿಲು ಇಟ್ಟ ಹಾಗೆ. ಹಾಡಿನ ಫೈಲ್ ಹಂಚಿಕೊಳ್ಳುವ ನಾಪ್‌ಸ್ಟರ್ 1999ರಲ್ಲಿ ಬಂತು, ಕೋರ್ಟಿನ ಏಟಿಗೆ 2001ರಲ್ಲಿ ಮುಚ್ಚಿತು. ಹಾಡು ಹಂಚೋದು ನಿಂತಿತಾ?

ಶಾಯಿಬಾಟಲಿ:
ಹಂಚೋದು ನಿಲ್ಲಲಿಲ್ಲ, ಸರಿ. ಹಾಡಿದವರ ಹೊಟ್ಟೆಪಾಡು? ನಿಮ್ಮ ಕೋಡನ್ನು ನೀವೇ ಕೊಟ್ಟಿರಿ. ನನ್ನದನ್ನು ನಾನು ಕೊಟ್ಟಿಲ್ಲ. ನಾಲ್ಕು ವರ್ಷ ಬರೆದಿದ್ದು. ಅಷ್ಟೇ ನನ್ನ ತಕರಾರು.

ತಕ್ಕಡಿ:
ಅದೇ ನಾನು ಹೇಳೋದೂ. ಕೀಲಿಮಣೆ ಅವರೇ, ನಿಮ್ಮ ಲಿನಕ್ಸ್ ಇರೋದು ಜಿಪಿಎಲ್ ಪರವಾನಗಿಯಲ್ಲಿ. ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ಹೊರತಂದ ಆ ಪರವಾನಗಿ ನಿಂತಿರೋದೇ ಕಾಪಿರೈಟ್ ಮೇಲೆ. ‘ತಿದ್ದಿ ಹಂಚಿದರೆ ತಿದ್ದಿದ ಕೋಡನ್ನೂ ಬಿಟ್ಟುಕೊಡಬೇಕು’ ಅಂತ ಷರತ್ತು ಹಾಕಬೇಕಾದರೆ ಮೊದಲು ಅದು ನಿಮ್ಮದಾಗಿರಬೇಕು. ಹಕ್ಕೇ ಇಲ್ಲದಿದ್ದರೆ ದೊಡ್ಡ ಕಂಪನಿಗಳು ಎತ್ತಿಕೊಂಡು ಹೋಗಿ ಬಾಗಿಲು ಹಾಕ್ಕೊಳ್ತವೆ.

ಕೀಲಿಮಣೆ:
ಒಪ್ಪಿದೆ. ದಿನಾ ಅದರ ಮೇಲೇ ಕೂತು ಕೆಲಸ ಮಾಡ್ತೀವಿ, ಮರೆತಿರ್ತೀವಿ.

ಓಲೆಗರಿ:
ನಾನು ಹಳೆಯ ಪುಸ್ತಕಗಳನ್ನು ಡಿಜಿಟಲ್ ಮಾಡುವ ಕೆಲಸದಲ್ಲಿದ್ದೇನೆ. ನೀವೆಲ್ಲ ಹಕ್ಕು ಬೇಕಾ ಬೇಡವಾ ಅಂತ ಜಗಳ ಆಡ್ತಿದ್ದೀರಿ. ನನ್ನ ತಲೆನೋವು ಬೇರೆ. ಎಷ್ಟು ವರ್ಷ ಇರಬೇಕು?

1710ರಲ್ಲಿ ಬ್ರಿಟನ್ನಿನಲ್ಲಿ ಕಾಪಿರೈಟ್ ಕಾನೂನು ಬಂದಾಗ ಹೊಸ ಪುಸ್ತಕಕ್ಕೆ 14 ವರ್ಷ ಇತ್ತು. ಅದು ಮುಗಿದಾಗ ಬರೆದವರು ಬದುಕಿದ್ದರೆ ಇನ್ನೊಂದು 14. ಆಯ್ತು, ಮುಗೀತು. ಈಗ ಬರ್ನ್ ಒಪ್ಪಂದದ ಪ್ರಕಾರ ಬರೆದವರು ತೀರಿಕೊಂಡ ಮೇಲೂ ಕನಿಷ್ಠ 50 ವರ್ಷ. ಬಹಳ ದೇಶಗಳಲ್ಲಿ 70. ಅಮೆರಿಕ 1998ರಲ್ಲಿ ಇದ್ದದ್ದಕ್ಕೆ ಇನ್ನೂ 20 ವರ್ಷ ಸೇರಿಸಿತು. 1928ರ ಮೊದಲ ಮಿಕ್ಕಿ ಮೌಸ್ ಅಲ್ಲಿ ಎಲ್ಲರದ್ದಾಗಿದ್ದು 2024ರ ಜನವರಿ 1ಕ್ಕೆ. ಸತ್ತವರು ‘ಇನ್ನೂ 20 ವರ್ಷ ರಾಯಲ್ಟಿ ಇದೆಯಂತೆ’ ಅಂತ ಎದ್ದು ಬಂದು ಹೊಸ ಪುಸ್ತಕ ಬರೀತಾರಾ?

1841ರಲ್ಲಿ ಬ್ರಿಟಿಷ್ ಸಂಸತ್ತಿಗೆ ಸತ್ತ ಮೇಲೂ 60 ವರ್ಷ ಹಕ್ಕು ಕೊಡುವ ಮಸೂದೆ ಬಂದಿತ್ತು. ಮೆಕಾಲೆ ವಿರೋಧಿಸಿದರು. (ಹೌದು, ಅದೇ ಮೆಕಾಲೆ, ಎಲ್ಲದಕ್ಕೂ ಬೈಸಿಕೊಳ್ಳುವವರು.) ಕಾಪಿರೈಟ್ ಅಂದರೆ ಬರೆಯುವವರಿಗೆ ಇನಾಮು ಕೊಡೋಕೆ ಓದುವವರ ಮೇಲೆ ಹಾಕುವ ತೆರಿಗೆ ಅಂದರು. ತೆರಿಗೆಯೇ ಬೇಡ ಅನ್ನಲಿಲ್ಲ. ಬೇಕಾದ್ದಕ್ಕಿಂತ ಒಂದು ದಿನವೂ ಜಾಸ್ತಿ ಬೇಡ ಅಂದರು. ಇನ್ನೊಂದು ಮಾತನ್ನೂ ಹೇಳಿದರು. ಇವತ್ತು ಕದ್ದು ಅಚ್ಚು ಹಾಕುವವರನ್ನು ಜನ ಹೀನಾಯವಾಗಿ ನೋಡ್ತಾರೆ. ಕಾನೂನು ಅತಿಯಾದರೆ ಮರ್ಯಾದಸ್ಥರೇ ಆ ಕೆಲಸಕ್ಕೆ ಇಳೀತಾರೆ, ಜನರೂ ಅವರ ಪರ ನಿಲ್ತಾರೆ ಅಂತ. 180 ವರ್ಷಕ್ಕೂ ಹಿಂದಿನ ಮಾತು. ಈಗ ಕಣ್ಣೆದುರಿಗೇ ನಡೀತಾ ಇದೆ, ಅಲ್ವಾ?

ಅರೆಬರೆ:
ಇಷ್ಟೆಲ್ಲಾ ಯಾಕೆ? ಪುಸ್ತಕ ಚೆನ್ನಾಗಿದ್ದರೆ ಜನ ಕೊಂಡೇ ಕೊಳ್ತಾರೆ. ಪಿಡಿಎಫ್ ಅಂದರೆ ಬಿಟ್ಟಿ ಪ್ರಚಾರ.

ಶಾಯಿಬಾಟಲಿ:
ಆ ಪ್ರಚಾರ ನನಗೆ ಬೇಕಾ ಅಂತ ಯಾರೂ ಕೇಳಲಿಲ್ಲವಲ್ಲ ಸ್ವಾಮಿ.

ಕಿವಿಯೋದು:
ನನಗೆ ಕಣ್ಣು ಕಾಣುವುದಿಲ್ಲ. ಫೋನ್ ಓದಿ ಹೇಳುತ್ತೆ, ನಾನು ಕೇಳಿಸಿಕೊಳ್ತೇನೆ. ಈ ಜಗಳದಲ್ಲಿ ನಮ್ಮಂಥವರು ಯಾವ ಕಡೆಗೂ ಸೇರಲ್ಲ. ಅಕ್ಕನ ಪುಸ್ತಕದ ಈ ಪಿಡಿಎಫ್ ನನಗೆ ಸಿಕ್ಕರೂ ಉಪಯೋಗವಿಲ್ಲ. ಅದು ಬರೀ ಚಿತ್ರ, ಅಕ್ಷರ ಅಲ್ಲ. ಸ್ಕ್ರೀನ್ ರೀಡರ್ ‘ಪುಟ 1, ಚಿತ್ರ. ಪುಟ 2, ಚಿತ್ರ’ ಅಂತ ಹೇಳ್ತಾ ಹೋಗುತ್ತೆ. ಹೋಗಲಿ, ದುಡ್ಡು ಕೊಟ್ಟು ಇ-ಬುಕ್ ತಗೊಳ್ಳೋಣ ಅಂದರೆ ಕೆಲವಕ್ಕೆ ಎಂಥಾ ಡಿಜಿಟಲ್ ಬೀಗ ಹಾಕಿರ್ತಾರೆ ಅಂದರೆ ಸ್ಕ್ರೀನ್ ರೀಡರ್‌ಗೆ ಒಳಗೆ ಕಾಲಿಡೋಕೇ ಆಗಲ್ಲ. ಒಮ್ಮೆ ಹೀಗೇ ಕೊಂಡ ಪುಸ್ತಕ ಓದಲಾಗದೆ, ಎಲ್ಲಿಂದಲೋ ಬೀಗ ಒಡೆದ ಪ್ರತಿ ಹುಡುಕಿಕೊಂಡೆ. ದುಡ್ಡೂ ಕೊಟ್ಟೆ, ಕಳ್ಳನೂ ಆದೆ.

2013ರ ಮರಾಕೇಶ್ ಒಪ್ಪಂದ ಬಂದಿದ್ದು ಇದಕ್ಕೇ. ಅದನ್ನು ಒಪ್ಪಿಕೊಂಡ ದೇಶಗಳಲ್ಲಿ ಹಕ್ಕುದಾರರನ್ನು ಕೇಳದೆಯೇ ನಮ್ಮಂಥವರು ಓದುವಂಥ ಪ್ರತಿ ಮಾಡಬಹುದು, ಗಡಿಯಾಚೆಗೂ ಕಳಿಸಬಹುದು. ಒಪ್ಪಂದವೇನೋ ಇದೆ. ಒಂದೊಂದು ಪುಸ್ತಕವನ್ನೂ ಯಾರಾದರೂ ಕೂತು ಮಾಡಬೇಕಲ್ಲ.

ಕೀಲಿಮಣೆ:
ಬೀಗದ ಮಾತು ಬಂತು ಅಂತ ಹೇಳ್ತೀನಿ. 2009ರಲ್ಲಿ ಅಮೆಜಾನ್, ಜನ ಕೊಂಡಿದ್ದ ಜಾರ್ಜ್ ಆರ್ವೆಲ್ ಪುಸ್ತಕಗಳನ್ನು ಅವರವರ ಕಿಂಡಲ್‌ನಿಂದ (ಇ-ಬುಕ್ ಓದುವ ಸಾಧನ) ದೂರದಿಂದಲೇ ಅಳಿಸಿಹಾಕಿತು. ಅಲ್ಲಿ ಅದನ್ನು ಮಾರಾಟಕ್ಕೆ ಇಟ್ಟವರಿಗೆ ಹಕ್ಕು ಇರಲಿಲ್ಲವಂತೆ. ಹಣ ವಾಪಸ್ ಕೊಟ್ಟರು, ಆಮೇಲೆ ಕ್ಷಮೆಯನ್ನೂ ಕೇಳಿದರು. ಆದರೂ ರಾತ್ರೋರಾತ್ರಿ ಮನೆಗೆ ನುಗ್ಗಿ ಕಪಾಟಿನಿಂದ ಪುಸ್ತಕ ಎತ್ತಿಕೊಂಡು ಹೋದ ಹಾಗಲ್ವಾ ಇದು? ಮಾರಿದೆವು ಅಂತಾರೆ, ನಿಜವಾಗಿ ಕೊಟ್ಟಿರೋದು ಬಾಡಿಗೆಗೆ.

ಮೂಲೆಮನೆ:
ಆ ಬೆರಳು ನನ್ನದು.

ಬೆಳಿಗ್ಗೆಯಿಂದ ಓದ್ತಾ ಇದ್ದೆ, ಬರೆಯೋಕೆ ಧೈರ್ಯ ಬಂದಿರಲಿಲ್ಲ. ನೀಲಿ ಶಾಯಿ ಅಂದಾಗಲೇ ಗೊತ್ತಾಯಿತು. ಮೇಡಂ, ಕ್ಷಮಿಸಿ. ಗ್ರಂಥಾಲಯದಿಂದ ತಂದ ಪ್ರತಿ ಅದು. ಹೊಲಿಗೆ ಬಿಟ್ಟು ಹಾಳೆಗಳು ಕೈಗೇ ಬರ್ತಿದ್ದವು. ಕೊಳ್ಳೋಣ ಅಂತ ಹುಡುಕಿದೆ, ಎಲ್ಲೂ ಇಲ್ಲ. ಪ್ರಕಾಶಕರ ಫೋನ್ ನಂಬರ್ ಸತ್ತಿದೆ. ನಿಮ್ಮ ವಿಳಾಸ ಪುಸ್ತಕದಲ್ಲಿಲ್ಲ, ಹೆಸರೂ ಈಗ ನೋಡಿದರೆ ನಿಜದ್ದಲ್ಲ! ಮೂರು ಸಂಜೆ ಕೂತು ಫೋಟೋ ತೆಗೆದೆ. ನಾಲ್ಕು ಜನಕ್ಕೆ ಕಳಿಸಿದೆ. ಅಲ್ಲಿಂದ ಎಲ್ಲೆಲ್ಲಿಗೆ ಹೋಯಿತೋ ಗೊತ್ತಿಲ್ಲ. ಒಂದು ಪೈಸೆಯೂ ಮಾಡಿಲ್ಲ.

ತಕ್ಕಡಿ:
ಪೈಸೆ ಮಾಡಿಲ್ಲ ಅಂದ ಮಾತ್ರಕ್ಕೆ ತಪ್ಪು ಒಪ್ಪಾಗಲ್ಲ. ಇಂಟರ್ನೆಟ್ ಆರ್ಕೈವ್ ಅನ್ನೋ ಆನ್‌ಲೈನ್ ಗ್ರಂಥಾಲಯ ಕೂಡ ಲಾಭಕ್ಕೆ ನಡೆಯುವ ಸಂಸ್ಥೆಯಲ್ಲ. ತಾವು ಸ್ಕ್ಯಾನ್ ಮಾಡಿದ ಪುಸ್ತಕಗಳನ್ನು, ಒಂದು ಪ್ರತಿ ಒಮ್ಮೆಗೆ ಒಬ್ಬರಿಗೆ ಅಂತ ಎರವಲು ಕೊಡ್ತಿದ್ದರು. 2020ರಲ್ಲಿ ಕೋವಿಡ್ ಬಂದಾಗ ಆ ಮಿತಿಯನ್ನೂ ಕೆಲವು ತಿಂಗಳು ತೆಗೆದರು. ನಾಲ್ಕು ದೊಡ್ಡ ಪ್ರಕಾಶಕರು ಕೇಸು ಹಾಕಿದರು. 2023ರಲ್ಲಿ ಸೋಲು. 2024ರಲ್ಲಿ ಮೇಲ್ಮನವಿಯಲ್ಲೂ ಸೋಲು.

ಓಲೆಗರಿ:
ಅಲ್ಲಿ ಕೇಸು ನಡೆದಿದ್ದು ಮಾರಾಟದಲ್ಲಿದ್ದ ಪುಸ್ತಕಗಳ ಮೇಲೆ. ಇದು ದುಡ್ಡು ಹಿಡಿದು ನಿಂತರೂ ಸಿಗದ ಪುಸ್ತಕ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ, ನಿಮ್ಮ ಹೆಸರು ಅದೇ ಆದರೂ.

ಶಾಯಿಬಾಟಲಿ:
ಮೂಲೆಮನೆ ಅವರೇ, ನೀವೇ ಬಂದು ಹೇಳ್ತೀರಿ ಅಂದುಕೊಂಡಿರಲಿಲ್ಲ. ಪ್ರಕಾಶಕರು ಆರು ವರ್ಷದ ಹಿಂದೆಯೇ ಬಾಗಿಲು ಹಾಕಿದರು. ನನ್ನ ಹತ್ತಿರ ಇರೋದು ಎರಡೇ ಪ್ರತಿ. ಇದನ್ನು ಮೊದಲೇ ಹೇಳಬೇಕಿತ್ತು. ಸಿಟ್ಟಿನಲ್ಲಿ ಬಿಟ್ಟುಹೋಯಿತು, ಇಲ್ಲಾ ಹೇಳಿದರೆ ನನ್ನ ವಾದ ಸಡಿಲ ಆಗುತ್ತೆ ಅಂತ ಬಿಟ್ಟೆನೋ ಏನೋ.

ತಕ್ಕಡಿ:
ಹಾಗಾದರೆ ಮೊದಲು ಕರಾರುಪತ್ರ ಹುಡುಕಿ ಮೇಡಂ. ಹಕ್ಕನ್ನು ಪೂರ್ತಿ ಬರೆದುಕೊಟ್ಟಿದ್ದೀರಾ, ಅಚ್ಚು ಹಾಕೋಕೆ ಅನುಮತಿ ಮಾತ್ರ ಕೊಟ್ಟಿದ್ದೀರಾ ನೋಡಿ. ಪೂರ್ತಿ ಕೊಟ್ಟಿದ್ದರೆ ನಿಮ್ಮ ಪುಸ್ತಕವನ್ನು ನೀವೇ ಹಂಚೋಕೂ ಆಗದಿರಬಹುದು.

ಶಾಯಿಬಾಟಲಿ:
ಸಿಕ್ಕಿತು. ಒಂದೇ ಹಾಳೆ, ಸಹಿ ಹಾಕಿದಾಗ ಓದಿಯೂ ಇರಲಿಲ್ಲ. ‘ಮೊದಲ ಮುದ್ರಣದ 1000 ಪ್ರತಿಗಳಿಗೆ ಮಾತ್ರ’ ಅಂತಿದೆ. ಬದುಕಿದೆ!

ಕೀಲಿಮಣೆ:
ಹಾಗಾದರೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಹಾಕಿಬಿಡಿ ಅಕ್ಕ. ಹಕ್ಕು ನಿಮ್ಮದಾಗೇ ಇಟ್ಟುಕೊಂಡು, ಹಂಚೋಕೆ ಎಲ್ಲರಿಗೂ ಮೊದಲೇ ಅನುಮತಿ ಕೊಡೋದು ಅದು. 2002ರಿಂದ ಇದೆ. ಬಳಸುವವರು ನಿಮ್ಮ ಹೆಸರು ಹಾಕಲೇಬೇಕು. ಬೇಕಾದರೆ ‘ವ್ಯಾಪಾರಕ್ಕೆ ಬಳಸಬಾರದು’ ಅಂತ ಸೇರಿಸಬಹುದು, ‘ತಿದ್ದಿ ಹಂಚಿದರೆ ಇದೇ ಷರತ್ತಿನಲ್ಲಿ ಹಂಚಿ’ ಅಂತಲೂ ಸೇರಿಸಬಹುದು.

ಓಲೆಗರಿ:
ವ್ಯಾಪಾರ ಬೇಡ ಅಂದರೆ ವಿಕಿಸೋರ್ಸ್‌ನಂಥ ಮುಕ್ತ ಆನ್‌ಲೈನ್ ಗ್ರಂಥಾಲಯಕ್ಕೆ ಹಾಕೋಕೆ ಬರಲ್ಲ. ಯೋಚನೆ ಮಾಡಿ.

ತಕ್ಕಡಿ:
ಇನ್ನೊಂದು. ಒಮ್ಮೆ ಕೊಟ್ಟ ಪರವಾನಗಿಯನ್ನು ವಾಪಸ್ ತಗೊಳ್ಳೋಕಾಗಲ್ಲ. ಇವತ್ತು ರಾತ್ರಿ ಹಾಕಬೇಡಿ. ನಾಲ್ಕು ದಿನ ಬಿಟ್ಟು ಹಾಕಿ.

ಅರೆಬರೆ:
ಎಐ ಕಂಪನಿಗಳು ಯಾರನ್ನೂ ಕೇಳದೆ ಎಲ್ಲಾ ಪುಸ್ತಕ ನುಂಗ್ತಾ ಇರೋವಾಗ ನೀವು ಒಂದು ಹೆಬ್ಬೆರಳು ಹಿಡ್ಕೊಂಡು ಕೂತಿದ್ದೀರಿ.

ಕೀಲಿಮಣೆ:
ಅದಕ್ಕೆ ಬೇರೆ ಚರ್ಚೆ ತೆರೀರಿ. ಇಲ್ಲಿ ಶುರು ಮಾಡಿದರೆ ಬೆಳಗಾಗುತ್ತೆ.

ಶಾಯಿಬಾಟಲಿ:
ಹಳೆಯ ಪುಸ್ತಕವನ್ನು ಎಲ್ಲರಿಗೂ ಬಿಟ್ಟುಕೊಡ್ತೀನಿ. ತಕ್ಕಡಿಯವರು ಹೇಳಿದ ನಾಲ್ಕು ದಿನ ಆಗಲಿ. ಆದರೆ ಹೊಸದೊಂದು ಬರ್ತಾ ಇದೆ, ಅದನ್ನು ಬಿಟ್ಟುಕೊಡಲ್ಲ. ಅದರಿಂದ ಬರೋ ದುಡ್ಡು ನನಗೆ ಬೇಕು. ಇದರಲ್ಲಿ ನಾಚಿಕೆ ಏನಿಲ್ಲ.

ಕಿವಿಯೋದು:
ಅಕ್ಕ, ಹಾಕುವಾಗ ಫೋಟೋ ಪಿಡಿಎಫ್ ಬೇಡ. ಅಕ್ಷರ ಇರುವ ಫೈಲ್ ಹಾಕಿ. ಹೊಸ ಪುಸ್ತಕವನ್ನೂ ಬೀಗವಿಲ್ಲದೆ ಮಾರಿ, ಮೊದಲ ಪ್ರತಿ ನನಗೆ.

ಶಾಯಿಬಾಟಲಿ:
ಹಳೆಯದರ ಅಕ್ಷರದ ಫೈಲ್ ಪ್ರಕಾಶಕರ ಕಂಪ್ಯೂಟರಿನ ಜೊತೆಗೇ ಹೋಯಿತು. ಟೈಪ್ ಮಾಡಬೇಕು.

ಮೂಲೆಮನೆ:
ನಾನು ಮಾಡ್ತೀನಿ ಮೇಡಂ. 47ನೇ ಪುಟದ ಆ ಎರಡು ಪದ ಮಾತ್ರ ನೀವು ಹೇಳಬೇಕು, ಪುಸ್ತಕ ವಾಪಸ್ ಕೊಟ್ಟಾಯಿತು.

ಇನ್ನೊಂದು ವಿಷಯ ಕೇಳಲಾ? ಇಂಥದೇ ಮತ್ತೊಂದು ಪುಸ್ತಕ ನನ್ನ ಹತ್ತಿರ ಇದೆ. ಬರೆದವರು ತೀರಿಕೊಂಡು ಮೂವತ್ತು ವರ್ಷ ಆಗಿದೆ. ಮನೆಯವರು ಯಾರು ಅಂತ ಎಷ್ಟು ಹುಡುಕಿದರೂ ಸಿಗಲಿಲ್ಲ. ಹಾಕಲಾ, ಬೇಡವಾ?

ತಕ್ಕಡಿ:
ಬೇಡ.

ಓಲೆಗರಿ:
ಫೋಟೋ ತೆಗೆದು ಇಟ್ಟುಕೊಳ್ಳಿ. ಈ ಸಲ ಬೆರಳು ಪಕ್ಕಕ್ಕಿಟ್ಟು.