ಸಹಾಯ ಬೇಕು: ಆಲ್ಟೊಗೆ ಮಡ್ ಫ್ಲಾಪ್, ಹಿಂದಿನವು ಕೂರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ಹಳೇ ಆಲ್ಟೊ 800, ಊರು ತೀರ್ಥಹಳ್ಳಿ ಹತ್ತಿರ. ಮಳೆ ಶುರುವಾದರೆ ಮನೆ ದಾರಿಯ ಕೆಮ್ಮಣ್ಣು ಬಾಗಿಲಿನ ಹಿಡಿಕೆ ತನಕ ಹಾರುತ್ತದೆ. ಅದಕ್ಕೇ ನಾಲ್ಕು ಮಡ್ ಫ್ಲಾಪ್ ತಂದು, ಭಾನುವಾರ ನಾನೇ ಹಾಕಲು ಕೂತೆ.

ಮುಂದಿನವು ಸುಲಭ. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಚಕ್ರದ ಹಿಂದೆ ಕೈ ಹೋಗುವಷ್ಟು ಜಾಗ ಸಿಗುತ್ತದೆ, ಚಕ್ರ ಬಿಚ್ಚುವುದೇ ಬೇಡ. ಎಡಗಡೆಯದು ಮಾತ್ರ ಟೈರಿಗೆ ಸವರುತ್ತಿತ್ತು, ಅಂಚನ್ನು ಒಂದು ಬೆರಳಿನಷ್ಟು ಕತ್ತರಿಸಿದೆ.

ತೊಂದರೆ ಇರುವುದು ಹಿಂದೆ. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕ್ ಏರಿಸಿ ಚಕ್ರ ಬಿಚ್ಚಿದೆ. ಫ್ಲಾಪಿನ ಮೂರು ತೂತಲ್ಲಿ ಒಂದೇ ಸರಿ ಕೂರುತ್ತದೆ. ಉಳಿದೆರಡಕ್ಕೆ ಗಾಡಿಯ ತಗಡಿಗೇ ಡ್ರಿಲ್ ಹೊಡೆಯಬೇಕು. ಡ್ರಿಲ್ ಮಷೀನ್ ಇದೆ, ಧೈರ್ಯ ಇಲ್ಲ! ಬಣ್ಣ ಕಿತ್ತ ಜಾಗಕ್ಕೆ ನೀರು ಇಳಿದರೆ ತುಕ್ಕು ಗ್ಯಾರಂಟಿ, ಅದೂ ನಮ್ಮ ಕಡೆಯ ಮಳೆಗೆ.

ತೂತಿನ ಅಂಚಿಗೆ ಪ್ರೈಮರ್ ಹಚ್ಚಿ, ರಬ್ಬರ್ ವಾಷರ್ ಜೊತೆ ಸ್ಟೀಲ್ ಸ್ಕ್ರೂ ಹಾಕಿದರೆ ಸಾಕಾ? ಅಥವಾ ಡ್ರಿಲ್ ಇಲ್ಲದೆ ತಗಡಿನ ಅಂಚಿಗೆ ಕಚ್ಚುವ ಕ್ಲಿಪ್ ಹಾಕಿದರೆ ನಿಲ್ಲುತ್ತದಾ? ಸ್ವತಃ ಹಾಕಿ ಒಂದು ಮಳೆಗಾಲ ಕಳೆದವರು ದಯವಿಟ್ಟು ತಿಳಿಸಿ. ಸದ್ಯಕ್ಕೆ ಬಲಗಡೆಯದು ಒಂದೇ ಸ್ಕ್ರೂನಲ್ಲಿ ನೇತಾಡುತ್ತಿದೆ, ಮನೆಯವರು ನೋಡಿ ನೋಡಿ ನಗುತ್ತಿದ್ದಾರೆ.