ಲವಂಗದ ಎಣ್ಣೆಗೆ ಸಾಲ್ಮೊನೆಲ್ಲಾ ಹೆದರುತ್ತದೆಯೇ?

ಪ್ರಶ್ನೆ: ಡಾಕ್ಟರೇ, ನಮ್ಮಲ್ಲಿ ಎರಡು ಸಾವಿರ ಮಾಂಸದ ಕೋಳಿಗಳಿವೆ. ಹಿಕ್ಕೆಯ ಪರೀಕ್ಷೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಿಕ್ಕಿದೆ. ನಾಲ್ಕು ಆ್ಯಂಟಿಬಯಾಟಿಕ್‌ಗಳ ಮುಂದೆ ‘ನಿರೋಧಕ’ ಎಂದು, ಅಂದರೆ ಆ ಔಷಧಗಳಿಗೆ ಅದು ಬಗ್ಗದು ಎಂದು, ಬರೆದಿದ್ದಾರೆ. ಕೋಳಿಗಳು ಮಾತ್ರ ಚುರುಕಾಗಿಯೇ ಇವೆ. ಕುಡಿಯುವ ನೀರಿಗೆ ಲವಂಗ, ದಾಲ್ಚಿನ್ನಿ ಎಣ್ಣೆ ಹಾಕಿದರೆ ಸಾಕು ಎನ್ನುತ್ತಾರೆ ಪರಿಚಿತರು. ನಿಜವೇ?

ಪಶುವೈದ್ಯೆಯ ಉತ್ತರ: ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ನಿಜ. ಲವಂಗದ ಯುಜೆನಾಲ್, ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್, ಓಮದ ಥೈಮಾಲ್ ಇವೆಲ್ಲ ಬ್ಯಾಕ್ಟೀರಿಯಾದ ಹೊರಪೊರೆಯನ್ನು ಕೆಡಿಸುತ್ತವೆ. ಒಳಗಿನ ಲವಣಗಳು ಸೋರಿ ಅದು ಸೊರಗುತ್ತದೆ. ಆ್ಯಂಟಿಬಯಾಟಿಕ್ ಸಾಮಾನ್ಯವಾಗಿ ಒಂದು ನಿರ್ದಿಷ್ಟ ಜಾಗಕ್ಕೆ ಗುರಿಯಿಡುತ್ತದೆ, ಆ ಜಾಗ ಬದಲಾದರೆ ಗುರಿ ತಪ್ಪಿತು. ಎಣ್ಣೆಯ ಪೆಟ್ಟು ಹಲವು ಕಡೆ ಬೀಳುವುದರಿಂದ ನಿರೋಧಕ ತಳಿಗಳೂ ಅದಕ್ಕೆ ಬಗ್ಗುತ್ತವೆ.

ತೊಡಕಿರುವುದು ಕೋಳಿಯ ಹೊಟ್ಟೆಯಲ್ಲಿ. ಸಾಲ್ಮೊನೆಲ್ಲಾ ಹೆಚ್ಚಾಗಿ ನೆಲೆಸುವುದು ಕರುಳಿನ ಕೊನೆಯ ಭಾಗದ ಸೀಕಮ್ ಚೀಲಗಳಲ್ಲಿ. ಎಣ್ಣೆಯ ಬಹುಪಾಲು ಅಲ್ಲಿಗೆ ತಲುಪುವ ಮೊದಲೇ ರಕ್ತಕ್ಕೆ ಸೇರಿಬಿಡುತ್ತದೆ. ಉಳಿದದ್ದು ಆಹಾರದ ಕೊಬ್ಬು, ಪ್ರೋಟೀನ್‌ಗಳಿಗೆ ಅಂಟಿಕೊಳ್ಳುತ್ತದೆ. ಅದಕ್ಕಾಗಿಯೇ ಕೊಬ್ಬಿನ ಲೇಪನವಿರುವ ಕಾಳುಗಳ ರೂಪದಲ್ಲಿ ಅದನ್ನು ಕೋಳಿ ಆಹಾರಕ್ಕೆ ಬೆರೆಸುವುದು. ಆಗಲೂ ಬ್ಯಾಕ್ಟೀರಿಯಾದ ಸಂಖ್ಯೆ ಇಳಿಯಬಹುದು, ನಿರ್ನಾಮವಾಗುವುದಿಲ್ಲ.

ಪ್ರಶ್ನೆ: ಕೋಳಿಗೆ ಕಾಯಿಲೆಯೇ ಇಲ್ಲವಲ್ಲ, ಚಿಂತೆ ಏಕೆ?

ಉತ್ತರ: ಚಿಂತೆ ತಿನ್ನುವವರದ್ದು. ಕೋಳಿಯ ಕರುಳಿನಲ್ಲಿ ಸಾಲ್ಮೊನೆಲ್ಲಾದ ಜೊತೆಗಾರನಾದ ಇನ್ನೊಂದು ಬ್ಯಾಕ್ಟೀರಿಯಾ ಕ್ಯಾಂಪೈಲೋಬ್ಯಾಕ್ಟರ್‌ಗೆ 42 ಡಿಗ್ರಿ ಸೆಲ್ಸಿಯಸ್ ಶಾಖ ಹಿತ, ಕೋಳಿಯ ಮೈ ಶಾಖವೂ ಸುಮಾರು ಅಷ್ಟೇ. ಬಾಡಿಗೆಯಿಲ್ಲದ ಮನೆ ಸಿಕ್ಕಂತೆ. ಸಾಲ್ಮೊನೆಲ್ಲಾದಂತೆ ಅದೂ ಮನುಷ್ಯನಲ್ಲಿ ಭೇದಿ, ಜ್ವರ ತರುತ್ತದೆ. ಇಡೀ ಹಿಂಡಿಗೆ ನೀರಿನಲ್ಲಿ ಎನ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟಾಗ ನಿರೋಧಕ ಕ್ಯಾಂಪೈಲೋಬ್ಯಾಕ್ಟರ್ ಬೆಳೆಯುತ್ತದೆ ಎಂಬ ಕಾರಣಕ್ಕೆ ಅಮೆರಿಕ 2005ರಲ್ಲಿ ಕೋಳಿಗಳಿಗೆ ಆ ಔಷಧದ ಅನುಮತಿ ಹಿಂಪಡೆಯಿತು. ಆರೋಗ್ಯವಾಗಿರುವ ನಿಮ್ಮ ಹಿಂಡಿಗೆ ಐದನೆಯ ಆ್ಯಂಟಿಬಯಾಟಿಕ್ ಹುಡುಕಬೇಡಿ.

ಮತ್ತೊಬ್ಬರ ಪ್ರಶ್ನೆ: ನಿರೋಧಕ ಬ್ಯಾಕ್ಟೀರಿಯಾ ಬೇಯಿಸಿದರೂ ಸಾಯುವುದಿಲ್ಲವೇ ಮೇಡಂ?

ಉತ್ತರ: ಸಾಯುತ್ತದೆ. ಔಷಧಕ್ಕೆ ಬಗ್ಗದಿರುವುದು ಬೇರೆ, ಬೆಂಕಿಗೆ ಬಗ್ಗದಿರುವುದು ಬೇರೆ. ಮಾಂಸದ ಒಳಭಾಗ 74 ಡಿಗ್ರಿ ತಲುಪಿದರೆ ಸಾಕು. ಹಸಿ ಮಾಂಸವನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ಹನಿಗಳ ಜೊತೆ ಬ್ಯಾಕ್ಟೀರಿಯಾ ಅಡುಗೆಮನೆಯೆಲ್ಲ ಹರಡುತ್ತದೆ.

ಮೊದಲ ಪ್ರಶ್ನೆ ಕೇಳಿದವರು: ಹಾಗಾದರೆ ನಾನು ಮಾಡಬೇಕಾದದ್ದೇನು? ಎಣ್ಣೆಯ ಬಾಟಲಿ ಆಗಲೇ ಕೊಂಡಾಗಿದೆ!

ಉತ್ತರ: ಬಾಟಲಿಯನ್ನು ಟ್ಯಾಂಕಿಗೆ ಸುರಿಯಬೇಡಿ. ಎಣ್ಣೆ ನೀರಿನಲ್ಲಿ ಕರಗದೆ ಬೇರೆಯಾಗಿಯೇ ಉಳಿಯುತ್ತದೆ. ಕೆಲವು ಕೋಳಿಗಳ ಬಾಯಿ ಉರಿಯುತ್ತದೆ, ಉಳಿದವಕ್ಕೆ ಏನೂ ಸಿಗದು. ಘಾಟಿಗೆ ನೀರು ಕುಡಿಯುವುದನ್ನೇ ಕಡಿಮೆ ಮಾಡಬಹುದು. ಮೊದಲು ಇಲಿಗಳನ್ನು ತಡೆಯಿರಿ, ಶೆಡ್ಡಿಗೆ ಬೇರೆ ಚಪ್ಪಲಿ ಇಡಿ, ಬ್ಯಾಚ್ ಮುಗಿದ ಮೇಲೆ ತೊಳೆದು ಪೂರ್ತಿ ಒಣಗಲು ಬಿಡಿ. ಹೊಸ ಮರಿಗಳ ಕರುಳಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಮೊದಲು ಜಾಗ ಹಿಡಿಯುವಂತೆ ಮಾಡುವುದೂ ಒಂದು ದಾರಿ. ದೊಡ್ಡ ಕೋಳಿಯ ಕರುಳಿನ ಸೂಕ್ಷ್ಮಜೀವಿಗಳು ಮರಿಯನ್ನು ಸಾಲ್ಮೊನೆಲ್ಲಾದಿಂದ ಕಾಪಾಡುತ್ತವೆ ಎಂದು ಫಿನ್ಲೆಂಡಿನ ನುರ್ಮಿ ಮತ್ತು ರಾಂಟಲಾ 1973ರಲ್ಲೇ ತೋರಿಸಿದ್ದರು. ಇಷ್ಟಾದ ಮೇಲೆ ಲೇಪಿತ ಎಣ್ಣೆಯನ್ನು ಸೇರಿಸುವುದಾದರೆ ನನ್ನ ಆಕ್ಷೇಪವಿಲ್ಲ. ಮುಂದಿನ ಬ್ಯಾಚಿನ ಹಿಕ್ಕೆಯನ್ನೂ ಪರೀಕ್ಷೆಗೆ ಕಳುಹಿಸಿ, ಎರಡೂ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ.